ಆಪರೇಷನ್ ಮುಗಿದ ಮೇಲೆ ಮೈ ಗಡಗಡ ನಡುಗುವುದೇಕೆ? ಮೊದಲೇ ಕೊಟ್ಟ ಇಂಜೆಕ್ಷನ್ ಕಾರಣವೇ?

ಆಪರೇಷನ್ ಥಿಯೇಟರ್‌ನಿಂದ ಹೊರಗೆ ತಂದ ರೋಗಿ ಕೆಲವೊಮ್ಮೆ ಹಲ್ಲು ಕಟಕಟ ಎನ್ನುವಷ್ಟು ನಡುಗುತ್ತಿರುತ್ತಾರೆ. ಹೊರಗೆ ಕಾಯುತ್ತಿದ್ದ ಮನೆಯವರಿಗೆ ಗಾಬರಿಯಾಗುವುದು ಸಹಜ. "ಅನಸ್ತೇಶಿಯಾ ಜಾಸ್ತಿ ಕೊಟ್ಟುಬಿಟ್ಟಿದ್ದಾರೆ" ಎಂದು ಒಬ್ಬರು ಹೇಳಿದರೆ, "ಚಳಿಜ್ವರ ಬಂದಿದೆ, ಇನ್‌ಫೆಕ್ಷನ್ ಆಗಿರಬೇಕು" ಎಂದು ಇನ್ನೊಬ್ಬರು. "ಒಳಗೆ ಕರೆದುಕೊಂಡು ಹೋಗುವ ಮೊದಲು ವಾರ್ಡ್‌ನಲ್ಲೇ ಒಂದು ಇಂಜೆಕ್ಷನ್ ಹಾಕಿದರಲ್ಲ, ಇದು ಅದರದ್ದೇ ರಿಯಾಕ್ಷನ್" ಎಂದು ಮತ್ತೊಬ್ಬರು. "ಡಾಕ್ಟರುಗಳು ತಮಗೆ ಸೆಕೆ ಆಗಬಾರದೆಂದು ಎಸಿ ಜೋರಾಗಿ ಹಾಕಿಕೊಳ್ಳುತ್ತಾರೆ, ಅದಕ್ಕೇ ಹೀಗೆ" ಎಂಬ ಮಾತೂ ಇದೆ.

ಇವುಗಳಲ್ಲಿ ಯಾವುದು ನಿಜ? ಚಿಕ್ಕ ಉತ್ತರ ಹೀಗಿದೆ: ಬಹುತೇಕ ಸಂದರ್ಭಗಳಲ್ಲಿ ಈ ನಡುಕ ಜ್ವರವಲ್ಲ, ಔಷಧಿ ಹೆಚ್ಚಾದದ್ದರ ಲಕ್ಷಣವೂ ಅಲ್ಲ. ಅರಿವಳಿಕೆಯ ಸಮಯದಲ್ಲಿ ತಣ್ಣಗಾದ ದೇಹ ಮತ್ತೆ ಬಿಸಿಯಾಗಲು ಮಾಡುವ ಪ್ರಯತ್ನ ಅದು. ವಾರ್ಡ್‌ನಲ್ಲಿ ಮೊದಲೇ ಕೊಟ್ಟ ಇಂಜೆಕ್ಷನ್‌ಗೂ ಇದರಲ್ಲಿ ಒಂದು ಪಾಲು ಇರಬಹುದು. ಆದರೆ ಅದು ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ಅಷ್ಟೇ ಅಲ್ಲ, ಆ ಇಂಜೆಕ್ಷನ್ ಹಾಕಿದ ನಂತರದ ಅರ್ಧ ಗಂಟೆಯಲ್ಲಿ ಒಂದು ಸರಳ ಕೆಲಸ ಮಾಡಿದರೆ ನಡುಕವನ್ನು ಸಾಕಷ್ಟು ತಪ್ಪಿಸಬಹುದು. ಹೇಗೆಂದು ನೋಡೋಣ.

ಒಳಗೆ ಬಿಸಿ, ಹೊರಗೆ ತಂಪು: ದೇಹದ ಲೆಕ್ಕಾಚಾರ

ನಮ್ಮ ದೇಹದ ತಾಪಮಾನ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಇಡೀ ದೇಹ ಅಷ್ಟೇ ಬಿಸಿ ಇರುವುದಿಲ್ಲ. ಮೆದುಳು, ಹೃದಯ, ಲಿವರ್, ಕರುಳು ಇರುವ ಒಳಭಾಗ ಮಾತ್ರ ಸುಮಾರು 37 ಡಿಗ್ರಿ ಇರುತ್ತದೆ. ಕೈಕಾಲುಗಳು ಸಾಮಾನ್ಯವಾಗಿ ಅದಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರುತ್ತವೆ. ಚರ್ಮ ಇನ್ನೂ ತಂಪು.

ಈ ವ್ಯತ್ಯಾಸವನ್ನು ದೇಹ ಬೇಕೆಂದೇ ಕಾಪಾಡಿಕೊಳ್ಳುತ್ತದೆ. ಮೆದುಳಿನ ತಳಭಾಗದಲ್ಲಿರುವ ಹೈಪೋಥಲಮಸ್ ಎಂಬ ಪುಟ್ಟ ಭಾಗ ಗೀಸರ್‌ನ ಥರ್ಮೋಸ್ಟಾಟ್‌ನಂತೆ ಕೆಲಸ ಮಾಡುತ್ತದೆ. ಒಳಗಿನ ತಾಪಮಾನ ಸ್ವಲ್ಪ ಇಳಿದರೆ ಸಾಕು, ಕೈಕಾಲಿನ ಮತ್ತು ಚರ್ಮದ ರಕ್ತನಾಳಗಳನ್ನು ಅದು ಕುಗ್ಗಿಸುತ್ತದೆ. ಬಿಸಿ ರಕ್ತ ಒಳಗೇ ಉಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಬೆರಳ ತುದಿ ತಣ್ಣಗಾಗಿ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ. ಅದೂ ಸಾಲದಿದ್ದರೆ ನಡುಕ ಶುರುವಾಗುತ್ತದೆ. ಸ್ನಾಯುಗಳು ಅಲುಗಾಡಿ ಶಾಖ ಹುಟ್ಟಿಸುತ್ತವೆ. ತಾಪಮಾನ ಹೆಚ್ಚಾದರೆ ಇದಕ್ಕೆ ಉಲ್ಟಾ: ರಕ್ತನಾಳ ಹಿಗ್ಗುತ್ತದೆ, ಬೆವರು ಬರುತ್ತದೆ.

ಎಚ್ಚರವಿರುವ ಆರೋಗ್ಯವಂತರಲ್ಲಿ ಈ ಥರ್ಮೋಸ್ಟಾಟ್ ಎಷ್ಟು ಸೂಕ್ಷ್ಮ ಎಂದರೆ, 0.2ರಿಂದ 0.4 ಡಿಗ್ರಿಯಷ್ಟು ಏರುಪೇರಾದರೂ ಅದು ಕೆಲಸ ಶುರು ಮಾಡುತ್ತದೆ.

ಅರಿವಳಿಕೆ ಕೊಟ್ಟಾಗ ಏನಾಗುತ್ತದೆ?

ಜನರಲ್ ಅನಸ್ತೇಶಿಯಾ ಕೊಟ್ಟರೆ ಪ್ರಜ್ಞೆ ಮತ್ತು ನೋವು ಮಾತ್ರ ಹೋಗುವುದಲ್ಲ, ಈ ಥರ್ಮೋಸ್ಟಾಟ್ ಕೂಡ ಮಂಪರಿಗೆ ಜಾರುತ್ತದೆ. ಮೊದಲು 0.4 ಡಿಗ್ರಿಗೇ ಎಚ್ಚೆತ್ತುಕೊಳ್ಳುತ್ತಿದ್ದದ್ದು ಈಗ 2ರಿಂದ 4 ಡಿಗ್ರಿ ಏರುಪೇರಾದರೂ ಸುಮ್ಮನಿರುತ್ತದೆ. ಅಷ್ಟರ ಮಟ್ಟಿಗೆ ದೇಹ ಸುತ್ತಲಿನ ವಾತಾವರಣದ ಹಿಡಿತಕ್ಕೆ ಬರುತ್ತದೆ. ಜೊತೆಗೆ ಅರಿವಳಿಕೆಯ ಔಷಧಿಗಳು ರಕ್ತನಾಳಗಳನ್ನು ನೇರವಾಗಿಯೂ ಹಿಗ್ಗಿಸುತ್ತವೆ.

ಪರಿಣಾಮ ಅರ್ಥವಾಗಬೇಕಾದರೆ ಸ್ನಾನದ ಮನೆಯನ್ನು ನೆನಪಿಸಿಕೊಳ್ಳಿ. ಹಂಡೆಯಲ್ಲಿ ಕುದಿವ ನೀರಿದೆ, ಬಕೆಟ್‌ನಲ್ಲಿ ತಣ್ಣೀರಿದೆ. ಎರಡನ್ನೂ ಬೆರೆಸಿದರೆ ಬಿಸಿ ಎಲ್ಲಿಗೂ ಓಡಿಹೋಗುವುದಿಲ್ಲ, ಒಟ್ಟು ಶಾಖ ಅಷ್ಟೇ ಇರುತ್ತದೆ. ಆದರೆ ಹಂಡೆಯ ನೀರು ಮೊದಲಿನಷ್ಟು ಬಿಸಿಯಾಗಿ ಉಳಿಯುವುದಿಲ್ಲ. ಅರಿವಳಿಕೆ ಕೊಟ್ಟ ಮೊದಲ ಗಂಟೆಯಲ್ಲಿ ದೇಹದೊಳಗೆ ನಡೆಯುವುದು ಇದೇ. ಒಳಗಿನ ಬಿಸಿ ರಕ್ತ ತಂಪಾದ ಕೈಕಾಲುಗಳಿಗೆ ಹರಿಯುತ್ತದೆ, ಅಲ್ಲಿನ ತಂಪು ರಕ್ತ ಒಳಕ್ಕೆ ಬರುತ್ತದೆ. ಒಳಭಾಗದ ತಾಪಮಾನ ಸುಮಾರು 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮೊದಲ ಗಂಟೆಯ ಇಳಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲು ಈ ಬೆರೆಯುವಿಕೆಯಿಂದಲೇ ಆಗುತ್ತದೆ ಎಂದು 1995ರಲ್ಲಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗ ತೋರಿಸಿತು. ಕೋಣೆಯ ತಂಪಿಗೆ ಹೋದದ್ದು ಉಳಿದ ಒಂದು ಪಾಲಿನಷ್ಟೇ.

ನಂತರದ ಎರಡು ಮೂರು ಗಂಟೆ ಇಳಿಕೆ ನಿಧಾನವಾಗಿ ಮುಂದುವರಿಯುತ್ತದೆ. ಈಗ ಶಾಖ ನಿಜಕ್ಕೂ ಹೊರಗೆ ಹೋಗುತ್ತಿರುತ್ತದೆ: ಬರಿಮೈಯಿಂದ, ತೆರೆದ ಹೊಟ್ಟೆಯಿಂದ, ಚರ್ಮಕ್ಕೆ ಹಚ್ಚಿದ ಔಷಧಿ ಆರುವಾಗ. ಡ್ರಿಪ್‌ನಲ್ಲಿ ಹೋಗುವ ತಣ್ಣನೆಯ ದ್ರವವೂ ಸೇರಿಕೊಳ್ಳುತ್ತದೆ. ಕೋಣೆಯ ತಾಪಮಾನದಲ್ಲಿರುವ ಒಂದು ಲೀಟರ್ ದ್ರವ ದೊಡ್ಡವರ ದೇಹದ ಸರಾಸರಿ ತಾಪಮಾನವನ್ನು ಸುಮಾರು 0.25 ಡಿಗ್ರಿ ಇಳಿಸುತ್ತದೆ. ಕೊನೆಗೆ ಒಂದು ಹಂತದಲ್ಲಿ, ಸಾಮಾನ್ಯವಾಗಿ 34ರಿಂದ 35 ಡಿಗ್ರಿಯ ಸುತ್ತಮುತ್ತ, ಮಂಪರಿನಲ್ಲಿದ್ದ ಥರ್ಮೋಸ್ಟಾಟ್ ಎಚ್ಚೆತ್ತು ರಕ್ತನಾಳಗಳನ್ನು ಮತ್ತೆ ಬಿಗಿಮಾಡುತ್ತದೆ. ಇಳಿಕೆ ಅಲ್ಲಿಗೆ ನಿಲ್ಲುತ್ತದೆ.

ಆಪರೇಷನ್ ಮುಗಿದು ಔಷಧಿಯ ಪ್ರಭಾವ ಇಳಿದಾಗ ಥರ್ಮೋಸ್ಟಾಟ್ ಪೂರ್ತಿ ಎಚ್ಚರವಾಗುತ್ತದೆ. ಅದಕ್ಕೆ ಬೇಕಾದದ್ದು 37, ದೇಹದಲ್ಲಿ ಇರುವುದು 35. ತಕ್ಷಣ ಆದೇಶ ಹೊರಡುತ್ತದೆ: ನಡುಗು, ಬಿಸಿಯಾಗು. ನೀವು ರಿಕವರಿ ರೂಮ್‌ನಲ್ಲಿ ನೋಡುವ ನಡುಕ ಇದು. ಮೈ ಬೆಚ್ಚಗಿದ್ದರೂ ಕೆಲವರು ನಡುಗುವುದುಂಟು. ಅದಕ್ಕೆ ನೋವು ಮತ್ತು ಔಷಧಿ ಇಳಿಯುವ ಹಂತದ ನರಗಳ ಪ್ರತಿಕ್ರಿಯೆ ಕಾರಣವಾಗಬಹುದು. ಆದರೆ ಹೆಚ್ಚಿನವರ ನಡುಕಕ್ಕೆ ಚಳಿಯೇ ಕಾರಣ.

ಹಾಗಾದರೆ ಮೊದಲೇ ಕೊಡುವ ಇಂಜೆಕ್ಷನ್ ಯಾಕೆ?

ಆಪರೇಷನ್‌ಗೆ ಮೊದಲು ವಾರ್ಡ್‌ನಲ್ಲೋ, ಥಿಯೇಟರ್ ಹೊರಗಿನ ಕೋಣೆಯಲ್ಲೋ ಕೊಡುವ ಮಾತ್ರೆ, ಇಂಜೆಕ್ಷನ್‌ಗಳಿಗೆ ವೈದ್ಯರು 'ಪ್ರೀಮೆಡಿಕೇಶನ್' ಅಥವಾ 'ಪ್ರೀಮೆಡ್' ಎನ್ನುತ್ತಾರೆ. ಈಥರ್ ಮೂಸಿಸಿ ಪ್ರಜ್ಞೆ ತಪ್ಪಿಸುತ್ತಿದ್ದ ಕಾಲದಿಂದಲೂ ಈ ಪದ್ಧತಿಗೆ ಬೇರುಗಳಿವೆ. ಈಥರ್‌ನಿಂದ ಬಾಯಿ, ಶ್ವಾಸನಾಳದಲ್ಲಿ ಜೊಲ್ಲು ಮತ್ತು ಕಫ ವಿಪರೀತ ಬರುತ್ತಿತ್ತು. ಅದನ್ನು ಒಣಗಿಸಲು ಅಟ್ರೋಪಿನ್, ಭಯ ಮತ್ತು ನೋವು ತಗ್ಗಿಸಲು ಮಾರ್ಫಿನ್ ಕೊಡುತ್ತಿದ್ದರು.

ಇಂದು ಉದ್ದೇಶಗಳು ಬೇರೆ ಬೇರೆ. ಆತಂಕ ತಗ್ಗಿಸಲು ಮಿಡಜೋಲಾಮ್, ಅಲ್ಪ್ರಜೋಲಾಮ್‌ನಂಥವು. ಜೊಲ್ಲು ಕಡಿಮೆ ಮಾಡಲು ಗ್ಲೈಕೋಪೈರೋಲೇಟ್. ಹೊಟ್ಟೆಯ ಆಮ್ಲ ತಗ್ಗಿಸಲು ಪ್ಯಾಂಟೋಪ್ರಜೋಲ್. ವಾಂತಿ ತಡೆಯಲು ಒಂಡಾನ್ಸೆಟ್ರಾನ್. ನೋವಿಗೆ ಫೆಂಟನಿಲ್. ಬಿಪಿ, ಎದೆಬಡಿತ ಹತೋಟಿಯಲ್ಲಿಡಲು ಕ್ಲೋನಿಡಿನ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್. ಎಲ್ಲರಿಗೂ ಎಲ್ಲವನ್ನೂ ಕೊಡುವುದಿಲ್ಲ. ಕೆಲವರಿಗೆ ಏನೂ ಬೇಕಾಗುವುದಿಲ್ಲ.

ಆದ್ದರಿಂದ "ಪ್ರೀಮೆಡ್ ಇಂಜೆಕ್ಷನ್ ಮೈ ತಣ್ಣಗೆ ಮಾಡುತ್ತದೆ" ಎಂಬ ಒಂದೇ ಸಾಲಿನ ಮಾತು ಸರಿಯಲ್ಲ. ಯಾವ ಔಷಧಿ ಎಂಬುದರ ಮೇಲೆ ಪರಿಣಾಮ ನಿಂತಿದೆ.

ಮಿಡಜೋಲಾಮ್: ಬೆರೆಯುವಿಕೆ ಬೇಗ ಶುರು

ಆಪರೇಷನ್ ಎಂದರೆ ಯಾರಿಗೂ ಭಯ. ಭಯವಾದಾಗ ಕೈಕಾಲು ತಣ್ಣಗಾಗುತ್ತವೆ, ಅಂದರೆ ರಕ್ತನಾಳಗಳು ಬಿಗಿಯಾಗಿರುತ್ತವೆ. ಮಿಡಜೋಲಾಮ್ ಕೊಟ್ಟಾಗ ಮನಸ್ಸು ಸಡಿಲವಾಗುತ್ತದೆ, ತೂಕಡಿಕೆ ಬರುತ್ತದೆ, ಜೊತೆಗೆ ರಕ್ತನಾಳಗಳೂ ಸಡಿಲವಾಗುತ್ತವೆ. ಹಂಡೆ ನೀರು ಬಕೆಟ್‌ಗೆ ಬೆರೆಯುವ ಕೆಲಸ ಥಿಯೇಟರ್‌ಗೆ ಹೋಗುವ ಮೊದಲೇ ಸಣ್ಣದಾಗಿ ಶುರುವಾಗುತ್ತದೆ.

ಜಪಾನಿನ ಸಂಶೋಧಕರು 1997ರಲ್ಲಿ ಇದನ್ನು ಅಳತೆ ಮಾಡಿ ಪ್ರಕಟಿಸಿದರು. ಆರೋಗ್ಯವಂತ ಸ್ವಯಂಸೇವಕರಿಗೆ ಮಿಡಜೋಲಾಮ್ ಇಂಜೆಕ್ಷನ್ ಕೊಟ್ಟಾಗ ದೇಹದ ಒಳಗಿನ ತಾಪಮಾನ ಇಳಿಯಿತು. ರಕ್ತದಲ್ಲಿ ಔಷಧಿ ಹೆಚ್ಚಿದ್ದಷ್ಟೂ ಇಳಿಕೆ ಹೆಚ್ಚು. ಯಾರಿಗೂ ಆಪರೇಷನ್ ಆಗಿರಲಿಲ್ಲ, ಜನರಲ್ ಅನಸ್ತೇಶಿಯಾ ಕೊಟ್ಟಿರಲಿಲ್ಲ. ಅಂದರೆ ಬರೀ ಪ್ರೀಮೆಡ್ ಕೂಡ ತಾಪಮಾನವನ್ನು ಸ್ವಲ್ಪ ಇಳಿಸಬಲ್ಲದು.

ಹಾಗಂತ ಮಿಡಜೋಲಾಮ್ ಖಳನಾಯಕನಲ್ಲ. ಅರಿವಳಿಕೆಯ ಮುಖ್ಯ ಔಷಧಿಗಳಿಗೆ ಹೋಲಿಸಿದರೆ ಅದು ಥರ್ಮೋಸ್ಟಾಟನ್ನು ಕೆಡಿಸುವುದು ಬಹಳ ಕಡಿಮೆ. ಇನ್ನೊಂದು ಮಾತೂ ಇದೆ. ರಕ್ತನಾಳಗಳು ಮೊದಲೇ ಹಿಗ್ಗಿದ್ದು, ಆ ಹೊತ್ತಿನಲ್ಲಿ ರೋಗಿ ಬೆಚ್ಚಗೆ ಹೊದ್ದು ಮಲಗಿದ್ದರೆ ಕೈಕಾಲುಗಳೂ ಬೆಚ್ಚಗಾಗಿರುತ್ತವೆ. ಆಮೇಲೆ ಅರಿವಳಿಕೆ ಕೊಟ್ಟಾಗ ಬೆರೆಯಲು ತಣ್ಣೀರೇ ಇರುವುದಿಲ್ಲ. ಬಕೆಟ್‌ನಲ್ಲಿರುವುದು ಉಗುರುಬೆಚ್ಚಗಿನ ನೀರು. ಇಳಿಕೆ ಕಡಿಮೆಯಾಗುತ್ತದೆ. ಅದೇ ರೋಗಿಯನ್ನು ತೆಳು ಗೌನ್‌ನಲ್ಲಿ ತಣ್ಣನೆಯ ಕಾರಿಡಾರ್‌ನಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿದರೆ, ಹಿಗ್ಗಿದ ರಕ್ತನಾಳಗಳಿಂದ ಶಾಖ ಹೊರಗೆ ಹೋಗಿ, ಥಿಯೇಟರ್ ತಲುಪುವ ಹೊತ್ತಿಗೇ ಮೈ ತಣ್ಣಗಾಗಿರುತ್ತದೆ. ಔಷಧಿ ಒಂದೇ, ಫಲ ಬೇರೆ. ವ್ಯತ್ಯಾಸ ಮಾಡಿದ್ದು ಹೊದಿಕೆ.

ವಯಸ್ಸಾದವರಲ್ಲಿ ಇದಕ್ಕೆ ಹೆಚ್ಚು ಗಮನ ಬೇಕು. ಅವರ ಸ್ನಾಯು ಕಡಿಮೆ, ಥರ್ಮೋಸ್ಟಾಟ್ ಮೊದಲೇ ನಿಧಾನ, ಔಷಧಿಯ ಪ್ರಭಾವವೂ ಹೆಚ್ಚು.

ಅಟ್ರೋಪಿನ್: ಇದು ಉಲ್ಟಾ

ಅಟ್ರೋಪಿನ್ ಬೆವರು ಗ್ರಂಥಿಗಳನ್ನು ತಡೆಯುತ್ತದೆ. ಬೆವರು ಬಾರದಿದ್ದರೆ ಶಾಖ ಹೊರಗೆ ಹೋಗುವ ಒಂದು ದಾರಿ ಮುಚ್ಚಿದಂತೆ. ಹಿರಿಯ ರೋಗಿಗಳಿಗೆ ಮಿಡಜೋಲಾಮ್ ಜೊತೆ ಅಟ್ರೋಪಿನ್ ಕೊಟ್ಟಾಗ ಮಿಡಜೋಲಾಮ್‌ನಿಂದಾಗುವ ತಾಪಮಾನದ ಇಳಿಕೆ ತಪ್ಪಿತು ಎಂಬುದನ್ನೂ ಸಂಶೋಧಕರು ಗಮನಿಸಿದ್ದಾರೆ. ಚಿಕ್ಕ ಮಕ್ಕಳಿಗೆ ಅಟ್ರೋಪಿನ್ ಕೊಟ್ಟ ಮೇಲೆ ಮುಖ ಕೆಂಪಾಗಿ, ಮೈ ಒಣಗಿ ಬಿಸಿಯಾಗುವುದುಂಟು. ಅದು ಇನ್‌ಫೆಕ್ಷನ್ ಜ್ವರವಲ್ಲ. ಆದರೂ ಮಗುವಿನ ಮೈ ಬಿಸಿಯಾಗಿದ್ದರೆ ನರ್ಸ್‌ಗೆ ತಕ್ಷಣ ಹೇಳಿ. ಬಿಸಿಯ ಕಾರಣ ಯಾವುದೆಂದು ನಿರ್ಧರಿಸಬೇಕಾದವರು ಅವರೇ.

ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್: ನಡುಕ ನಿಂತರೆ ಬಿಸಿಯಾಯಿತು ಎಂದಲ್ಲ

ಈ ಔಷಧಿಗಳು ನಡುಕ ಶುರುವಾಗುವ ಮಟ್ಟವನ್ನೇ ಕೆಳಗಿಳಿಸುತ್ತವೆ. ಇವನ್ನು ಪಡೆದವರು ಆಪರೇಷನ್ ನಂತರ ನಡುಗುವುದು ಕಡಿಮೆ. ರೋಗಿಗೆ ಇದರಿಂದ ಹಿತ ನಿಜ. ಆದರೆ ಒಂದು ಎಚ್ಚರಿಕೆ: ನಡುಗುತ್ತಿಲ್ಲ ಎಂದ ಮಾತ್ರಕ್ಕೆ ಮೈ ಬೆಚ್ಚಗಿದೆ ಎಂದು ಅರ್ಥವಲ್ಲ. ಥರ್ಮೋಸ್ಟಾಟ್ ತಣ್ಣನೆಯ ದೇಹವನ್ನು ಸಹಿಸಿಕೊಳ್ಳುತ್ತಿದೆ ಅಷ್ಟೇ. ರಿಕವರಿ ರೂಮ್‌ನಲ್ಲಿ ನಡುಕಕ್ಕೆ ಕೊಡುವ ಪೆಥಿಡಿನ್, ಟ್ರಮಡಾಲ್ ಇಂಜೆಕ್ಷನ್‌ಗಳಿಗೂ ಇದೇ ಮಾತು. ಅವು ನಡುಕ ನಿಲ್ಲಿಸುತ್ತವೆ, ಮೈ ಬಿಸಿ ಮಾಡುವುದಿಲ್ಲ. ಅದಕ್ಕೇ ಇಂಜೆಕ್ಷನ್ ಜೊತೆ ಹೊದಿಕೆಯೂ ಬೇಕು, ಥರ್ಮಾಮೀಟರೂ ಬೇಕು.

ಒಂದೆರಡು ಡಿಗ್ರಿ ಇಳಿದರೆ ಅಷ್ಟೇನು ನಷ್ಟ?

ಚಳಿ ಅನುಭವ ಕೆಟ್ಟದ್ದು ಎಂಬುದಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ.

1996ರಲ್ಲಿ ದೊಡ್ಡ ಕರುಳಿನ ಆಪರೇಷನ್‌ಗೆ ಒಳಗಾದ 200 ರೋಗಿಗಳ ಮೇಲಿನ ಅಧ್ಯಯನವೊಂದು ವೈದ್ಯಲೋಕದ ಗಮನ ಸೆಳೆಯಿತು. ಆಂಡ್ರಿಯಾ ಕರ್ಜ್, ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಅದು. ಒಂದು ಗುಂಪನ್ನು ಆಪರೇಷನ್ ವೇಳೆ ಬೆಚ್ಚಗಿಟ್ಟರು. ಅವರ ತಾಪಮಾನ ಸರಾಸರಿ 36.6 ಡಿಗ್ರಿ ಇತ್ತು. ಇನ್ನೊಂದು ಗುಂಪಿನದು ಸರಾಸರಿ 34.7ಕ್ಕೆ ಇಳಿಯಿತು. ಬೆಚ್ಚಗಿದ್ದವರಲ್ಲಿ ಶೇಕಡಾ 6ರಷ್ಟು ಮಂದಿಗೆ ಗಾಯದ ಸೋಂಕಾದರೆ, ತಣ್ಣಗಾದವರಲ್ಲಿ ಶೇಕಡಾ 19ರಷ್ಟು ಮಂದಿಗೆ ಆಯಿತು. ತಣ್ಣಗಾದವರು ಆಸ್ಪತ್ರೆಯಲ್ಲಿ ಸರಾಸರಿ ಎರಡೂವರೆ ದಿನ ಹೆಚ್ಚು ಉಳಿಯಬೇಕಾಯಿತು. ಕಾರಣ ಊಹಿಸಬಹುದು: ರಕ್ತನಾಳ ಬಿಗಿಯಾದರೆ ಗಾಯಕ್ಕೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ರೋಗಾಣುಗಳನ್ನು ಕೊಲ್ಲುವ ಬಿಳಿ ರಕ್ತಕಣಗಳೂ ಮಂದವಾಗುತ್ತವೆ.

ಮರುವರ್ಷ, 1997ರಲ್ಲಿ, ಹೃದಯದ ತೊಂದರೆ ಇರುವ ಅಥವಾ ಅದರ ಅಪಾಯವಿರುವ 300 ರೋಗಿಗಳ ಅಧ್ಯಯನ ಅಮೆರಿಕದಿಂದ ಬಂತು. ಬೆಚ್ಚಗಿದ್ದವರಲ್ಲಿ ಶೇಕಡಾ 1.4ರಷ್ಟು ಮಂದಿಗೆ ಗಂಭೀರ ಹೃದಯ ಸಮಸ್ಯೆ ಕಾಣಿಸಿದರೆ, ತಣ್ಣಗಾದವರಲ್ಲಿ ಶೇಕಡಾ 6.3. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಔಷಧಿಗಳು ದೇಹದಿಂದ ಹೊರಹೋಗುವುದೂ ತಡವಾಗುತ್ತದೆ, ಹೀಗಾಗಿ ಎಚ್ಚರವಾಗಲು ಹೆಚ್ಚು ಹೊತ್ತು ಬೇಕು. ಜೋರಾಗಿ ನಡುಗುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕ ದುಪ್ಪಟ್ಟಾಗಬಹುದು. ಹೊಲಿಗೆ ಹಾಕಿದ ಜಾಗದ ನೋವಂತೂ ಹೇಳುವುದೇ ಬೇಡ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2022ರಲ್ಲಿ ಪ್ರಕಟವಾದ, ಚೀನಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ 5000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 'ಪ್ರೊಟೆಕ್ಟ್' ಎಂಬ ದೊಡ್ಡ ಅಧ್ಯಯನದಲ್ಲಿ 35.5 ಡಿಗ್ರಿ ಮತ್ತು 37 ಡಿಗ್ರಿಯಲ್ಲಿ ಇಟ್ಟ ಗುಂಪುಗಳನ್ನು ಹೋಲಿಸಿದರು. ಹೃದಯದ ತೊಂದರೆ, ಸೋಂಕು, ರಕ್ತ ಕೊಡಬೇಕಾದ ಪ್ರಮಾಣ, ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ 35.5ಕ್ಕೆ ಇಳಿದ ಕೂಡಲೇ ಅನಾಹುತ ಎಂದು ಹೆದರಬೇಕಿಲ್ಲ. ಆದರೆ ಹಳೆಯ ಅಧ್ಯಯನಗಳಲ್ಲಿ ತೊಂದರೆ ಕಂಡದ್ದು ಇನ್ನೂ ಕೆಳಗಿನ ತಾಪಮಾನದಲ್ಲಿ. ಏನೂ ಮಾಡದೆ ಬಿಟ್ಟರೆ ದೇಹ ಇಳಿಯುವುದೂ ಆ ಮಟ್ಟಕ್ಕೇ. ಹಾಗಾಗಿ ಬೆಚ್ಚಗಿಡುವ ಕೆಲಸ ಬಿಡುವಂತಿಲ್ಲ.

ಎಸಿ ಡಾಕ್ಟರ್‌ಗಾಗಿಯೇ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೇಲಿನಿಂದ ಕೆಳಗಿನವರೆಗೆ ಗೌನ್, ಮಾಸ್ಕ್, ಗ್ಲೌಸ್ ಹಾಕಿಕೊಂಡು ದೀಪದ ಕೆಳಗೆ ಗಂಟೆಗಟ್ಟಲೆ ನಿಲ್ಲುವ ಸರ್ಜನ್‌ಗೆ ಬೆವರು ಸುರಿದರೆ ಕೆಲಸ ಕೆಡುತ್ತದೆ. ಆದರೆ ಥಿಯೇಟರ್‌ನ ಎಸಿ ಬರೀ ತಂಪಿಗಲ್ಲ. ಸೋಸಿದ ಗಾಳಿಯನ್ನು ಒಳಗೆ ಬಿಡುವುದು, ಗಾಳಿಯ ತೇವಾಂಶವನ್ನು ಹಿಡಿತದಲ್ಲಿಡುವುದು ಕೂಡ ಅದರ ಕೆಲಸ. ಎಸಿ ಆಫ್ ಮಾಡಿದರೆ ಎಲ್ಲ ಸರಿಹೋಗುವುದೂ ಇಲ್ಲ. ಮೊದಲ ಗಂಟೆಯ ಇಳಿಕೆಯ ಬಹುಪಾಲು ದೇಹದೊಳಗಿನ ಬೆರೆಯುವಿಕೆಯಿಂದ ಎಂದು ಈಗಷ್ಟೇ ನೋಡಿದೆವು. ನವಜಾತ ಶಿಶುಗಳ ವಿಷಯ ಬೇರೆ. ಅವರ ಮೈ ಬಹಳ ಬೇಗ ತಣ್ಣಗಾಗುವುದರಿಂದ ಅವರ ಆಪರೇಷನ್‌ಗೆ ಕೋಣೆಯನ್ನೇ ಬೆಚ್ಚಗೆ ಮಾಡುತ್ತಾರೆ.

ಆ ಅರ್ಧ ಗಂಟೆಯ ಬೆಲೆ

ಅರಿವಳಿಕೆ ಕೊಟ್ಟ ಮೇಲೆ ಇಳಿದ ತಾಪಮಾನವನ್ನು ಮೇಲೆತ್ತುವುದು ಕಷ್ಟ, ಹೊತ್ತು ಹಿಡಿಯುವ ಕೆಲಸ. ಇಳಿಯದಂತೆ ಮೊದಲೇ ನೋಡಿಕೊಳ್ಳುವುದು ಸುಲಭ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 'ನೈಸ್' 2008ರಲ್ಲೇ ಈ ಬಗ್ಗೆ ನಿಯಮ ಹೊರಡಿಸಿತು, 2016ರಲ್ಲಿ ಅದನ್ನು ಪರಿಷ್ಕರಿಸಿತು. ತುರ್ತು ಆಪರೇಷನ್ ಅಲ್ಲದಿದ್ದರೆ ರೋಗಿಯ ತಾಪಮಾನ 36 ಡಿಗ್ರಿ ಸೆಲ್ಸಿಯಸ್, ಅಂದರೆ 96.8 ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದಾಗ ಅರಿವಳಿಕೆ ಶುರು ಮಾಡಬಾರದು, ಅರಿವಳಿಕೆಗೆ ಕನಿಷ್ಠ 30 ನಿಮಿಷ ಮೊದಲೇ ಬೆಚ್ಚಗೆ ಮಾಡಲು ಶುರು ಮಾಡಬೇಕು ಎಂಬುದು ಅದರ ಸಾರ.

ಇದಕ್ಕೆ ಬಿಸಿಗಾಳಿ ತುಂಬುವ ಹೊದಿಕೆಗಳಿವೆ. ಒಂದು ಯಂತ್ರ ಬೆಚ್ಚಗಿನ ಗಾಳಿಯನ್ನು ಹಗುರವಾದ ಹೊದಿಕೆಯೊಳಗೆ ಊದುತ್ತದೆ. ಡ್ರಿಪ್ ದ್ರವವನ್ನು ಬಿಸಿ ಮಾಡುವ ಸಾಧನಗಳೂ ಇವೆ. ಇವು ಇಲ್ಲದ ಕಡೆ ಸಾಮಾನ್ಯ ಕಂಬಳಿಯೂ ಉಪಯೋಗಕ್ಕೆ ಬರುತ್ತದೆ. ಒಂದು ಪದರ ಹೊದಿಕೆ ಚರ್ಮದಿಂದ ಹೋಗುವ ಶಾಖವನ್ನು ಸುಮಾರು ಶೇಕಡಾ 30ರಷ್ಟು ತಡೆಯುತ್ತದೆ. ಒಂದರ ಮೇಲೊಂದು ಕಂಬಳಿ ಹೊದಿಸಿದರೆ ಲಾಭ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೆಚ್ಚು ಕಂಬಳಿಗಿಂತ ಮೈಯ ಹೆಚ್ಚು ಭಾಗ ಮುಚ್ಚುವುದು ಮುಖ್ಯ.

ರೋಗಿ ಮತ್ತು ಮನೆಯವರು ಏನು ಮಾಡಬಹುದು?

ಪ್ರೀಮೆಡ್ ಬೇಡ ಎಂದು ಹಟ ಮಾಡಬೇಡಿ. ಆತಂಕ, ವಾಂತಿ, ಆಮ್ಲ ತಡೆಯಲು ಅದರ ಅಗತ್ಯವಿರಬಹುದು. ಹಾಗೆಯೇ "ಭಯ ಹೋಗಲಿ" ಎಂದು ಮನೆಯಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಪ್ರೀಮೆಡ್ ಜೊತೆ ಸೇರಿದರೆ ಉಸಿರಾಟಕ್ಕೇ ತೊಂದರೆಯಾಗಬಹುದು.

ಇಂಜೆಕ್ಷನ್ ಹಾಕಿದ ಮೇಲೆ, ಥಿಯೇಟರ್‌ಗೆ ಕರೆಯುವವರೆಗೆ ಬೆಚ್ಚಗಿರಿ. "ನನಗೆ ಚಳಿಯಾಗುತ್ತಿದೆ, ಒಂದು ಹೊದಿಕೆ ಕೊಡಿ" ಎಂದು ಕೇಳಲು ಸಂಕೋಚ ಬೇಡ. ಇದು ಅತಿಯಾದ ಬೇಡಿಕೆಯಲ್ಲ. ಕಾಲುಚೀಲ, ಸ್ವೆಟರ್ ಹಾಕಿಕೊಂಡು ಕಾಯಬಹುದೇ ಎಂದು ವಾರ್ಡ್‌ನಲ್ಲಿ ಕೇಳಿ. ಮಂಪರಿನಲ್ಲಿರುವ ಅಜ್ಜಿ ತಾತಂದಿರು ತಾವಾಗಿ ಕೇಳಲಾರರು, ಜೊತೆಗಿದ್ದವರು ಗಮನಿಸಿ. ಇಂಜೆಕ್ಷನ್ ನಂತರ ತೂಕಡಿಕೆ ಇರುವುದರಿಂದ ಅವರನ್ನು ಒಂಟಿಯಾಗಿ ಬಾತ್‌ರೂಮ್‌ಗೆ ನಡೆಸಬೇಡಿ.

ಚಳಿ ಎಂದು ಬಿಸಿ ಕಾಫಿ ಕುಡಿಸಬೇಡಿ. ಆಪರೇಷನ್‌ಗೆ ಮೊದಲು ಹೊಟ್ಟೆ ಖಾಲಿ ಇರಬೇಕು ಎಂಬುದು ಜೀವದ ಪ್ರಶ್ನೆ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಆಪರೇಷನ್ ನಂತರವೂ ವೈದ್ಯರು ಹೇಳುವವರೆಗೆ ಏನೂ ಕೊಡಬೇಡಿ.

ನಡುಗುತ್ತಿರುವ ರೋಗಿಗೆ ಬಿಸಿನೀರಿನ ಬ್ಯಾಗ್ ಅಥವಾ ಬಿಸಿನೀರು ತುಂಬಿದ ಬಾಟಲಿ ಇಡಬೇಡಿ. ಇದು ಒಳ್ಳೆಯ ಮನಸ್ಸಿನಿಂದ ಆಗುವ ದೊಡ್ಡ ತಪ್ಪು. ಮಂಪರಿನಲ್ಲಿರುವವರಿಗೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿಸಿರುವವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಚರ್ಮ ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಹೊದಿಕೆ ಕೇಳಿ, ನರ್ಸ್‌ಗೆ ತಿಳಿಸಿ, ಅಷ್ಟು ಸಾಕು.

ಜ್ವರ ಎಂದುಕೊಂಡು ಪ್ಯಾರಾಸಿಟಮಾಲ್ ಕೊಡಬೇಡಿ, ತಾಪಮಾನ ಅಳೆಯಲು ಹೇಳಿ. ಥಿಯೇಟರ್‌ನಿಂದ ಬಂದ ಕೂಡಲೇ ನಡುಗುತ್ತಿರುವವರ ತಾಪಮಾನ ಹೆಚ್ಚಿನ ವೇಳೆ ಕಡಿಮೆಯೇ ಇರುತ್ತದೆ. ಆದರೆ ಮನೆಗೆ ಬಂದ ಮೇಲೆ ಚಳಿ ಬಂದು ಮೈ ಸುಡುತ್ತಿದ್ದರೆ, ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ದಾಟಿದರೆ, ಗಾಯ ಕೆಂಪಾಗಿ ಕೀವು ಕಂಡರೆ ಅದು ಬೇರೆಯೇ ವಿಷಯ. ಕಾಯದೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಒಂದು ಮುಖ್ಯ ಮಾಹಿತಿ. ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆ ವೇಳೆ ಮೈ ವಿಪರೀತ ಬಿಸಿಯಾಗಿ ಸ್ನಾಯುಗಳು ಬಿಗಿದುಕೊಂಡದ್ದು, ಅಥವಾ ಕಾರಣ ತಿಳಿಯದೆ ಸಾವಾದದ್ದು ಇದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ. 'ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ' ಎಂಬ ಅಪರೂಪದ ಸ್ಥಿತಿ ವಂಶಪಾರಂಪರ್ಯವಾಗಿ ಬರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು 1960ರಲ್ಲಿ ಇದನ್ನು ಗುರುತಿಸಿದ್ದೇ ಹಾಗೆ: ರೋಗಿಯೊಬ್ಬ ತನ್ನ ಕುಟುಂಬದಲ್ಲಿ ಹಲವರು ಈಥರ್ ಕೊಟ್ಟಾಗ ತೀರಿಕೊಂಡಿದ್ದಾರೆ ಎಂದು ಹೇಳಿಕೊಂಡಿದ್ದ. ಮೊದಲೇ ಗೊತ್ತಾದರೆ ವೈದ್ಯರು ಬೇರೆ ಔಷಧಿ ಬಳಸುತ್ತಾರೆ, ಅಪಾಯ ತಪ್ಪುತ್ತದೆ.

ಹಾಗಾದರೆ ಯಾವುದು ನಿಜ, ಯಾವುದು ಸುಳ್ಳು?

"ನಡುಕ ಬಂದರೆ ಅನಸ್ತೇಶಿಯಾ ಜಾಸ್ತಿಯಾಗಿದೆ": ತಪ್ಪು. ಅರಿವಳಿಕೆ ಇಳಿದು ದೇಹದ ಥರ್ಮೋಸ್ಟಾಟ್ ಎಚ್ಚರಗೊಂಡಾಗ ನಡುಕ ಬರುತ್ತದೆ.

"ಅದು ಜ್ವರ": ಥಿಯೇಟರ್‌ನಿಂದ ಹೊರಬಂದ ಕೂಡಲೇ ಬರುವ ನಡುಕ ಬಹುತೇಕ ಜ್ವರವಲ್ಲ. ಅಳೆದು ನೋಡಿದರೆ ಗೊತ್ತಾಗುತ್ತದೆ.

"ಎಸಿಯಿಂದಲೇ ಹೀಗಾಗುತ್ತದೆ": ಅರ್ಧಸತ್ಯ. ಎಸಿ ತಂಪಿನ ಪಾಲು ಇದೆ, ಆದರೆ ಮುಖ್ಯ ಕಾರಣ ದೇಹದೊಳಗೆ ಶಾಖ ಹಂಚಿಹೋಗುವುದು.

"ಮೊದಲು ಕೊಟ್ಟ ಇಂಜೆಕ್ಷನ್ನೇ ಕಾರಣ": ಯಾವ ಇಂಜೆಕ್ಷನ್ ಎಂಬುದರ ಮೇಲೆ ನಿಂತಿದೆ. ಮಿಡಜೋಲಾಮ್ ತಾಪಮಾನವನ್ನು ಸ್ವಲ್ಪ ಇಳಿಸಬಹುದು, ಅಟ್ರೋಪಿನ್ ಏರಿಸಬಹುದು, ಕ್ಲೋನಿಡಿನ್ ನಡುಕವನ್ನೇ ತಗ್ಗಿಸುತ್ತದೆ. ಇವುಗಳಲ್ಲಿ ಯಾವುದನ್ನು ಕೊಟ್ಟರೂ, ಕೊಟ್ಟ ಮೇಲೆ ರೋಗಿ ಬೆಚ್ಚಗಿರಬೇಕು.

ನಿಮ್ಮ ಬಳಗದಲ್ಲಿ ಯಾರಿಗಾದರೂ ಮುಂದಿನ ವಾರ ಆಪರೇಷನ್ ಇದ್ದರೆ ಭಯ ಹುಟ್ಟಿಸುವ ಮೆಸೇಜಿನ ಬದಲು ಈ ಒಂದು ಸಾಲು ಕಳಿಸಿ: "ಇಂಜೆಕ್ಷನ್ ಹಾಕಿದ ಮೇಲೆ ಹೊದ್ದುಕೊಂಡು ಮಲಗಿ, ಚಳಿಯಾದರೆ ನಾಚದೆ ಹೇಳಿ."